ವಿಗ್ ಸಹಜವಾಗಿ ಕಾಣಬೇಕಾದರೆ: ಅಳತೆಯಿಂದ ಹಣೆಯಂಚಿನವರೆಗೆ ಸಮಗ್ರ ಮಾರ್ಗದರ್ಶಿ

ವಿಗ್ ಕೊಂಡು ತಂದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಪೆಟ್ಟಿಗೆಯಿಂದ ತೆಗೆದ ಕೂಡಲೇ ತಲೆಗೆ ಹಾಕಿ, ಬಾಚಿ, ಮುಂದಿನ ಕೂದಲನ್ನು ಒಂದಿಷ್ಟು ಕತ್ತರಿಸಿಬಿಡುತ್ತಾರೆ. ಕೋಣೆಯ ಟ್ಯೂಬ್‌ಲೈಟಿನಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದಾವಣಗೆರೆಯ ಪಿ.ಬಿ. ರಸ್ತೆಯ ಬಿಸಿಲಿಗೆ ಕಾಲಿಟ್ಟಾಗ ಹಣೆಯ ಮೇಲಿನ ನೇರ ಗೆರೆ, ನೆತ್ತಿಯ ಮೇಲಿನ ಪ್ಲಾಸ್ಟಿಕ್ ಹೊಳಪು, ಕಿವಿಯ ಹಿಂದೆ ಎದ್ದು ನಿಂತ ಕ್ಯಾಪ್ (ಕೂದಲು ಕಟ್ಟಿರುವ ಟೋಪಿಯಂತಹ ತಳ) ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಸರಿಪಡಿಸಿಕೊಡಿ ಎಂದು ನನ್ನ ಕೈಗೆ ಬರುವ ವಿಗ್‌ಗಳಲ್ಲಿ ನಿಜಕ್ಕೂ ಕಳಪೆಯಾದವು ಕಡಿಮೆ. ಕೆಲಸದ ಕ್ರಮ ತಪ್ಪಿ ಹಾಳಾದವೇ ಹೆಚ್ಚು. ಕತ್ತರಿಸಿದ ವಿಗ್ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಇಲ್ಲಿ ಹೇಳಿರುವ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೊದಲು ಕೂದಲಿನ ಗುಣ ತಿಳಿಯಬೇಕು, ಆಮೇಲೆ ತೊಳೆಯಬೇಕು, ತಲೆಗೆ ಕೂರಿಸಬೇಕು, ಹಣೆಯಂಚು ತೆಳುವಾಗಿಸಬೇಕು, ಲೇಸ್ ಕತ್ತರಿಸಬೇಕು. ಕೂದಲಿಗೆ ಕತ್ತರಿ ಹಾಕುವುದು ಇವೆಲ್ಲ ಮುಗಿದ ಮೇಲೆ. ಎರಡು ಮೂರು ದಿನಗಳಿಗೆ ಹಂಚಿಕೊಂಡು ಮಾಡಿ. ನಾಳೆ ಮದುವೆ ಇದೆ ಎಂದು ಇವತ್ತು ರಾತ್ರಿ ಕೂತರೆ ಆಗುವ ಕೆಲಸವಲ್ಲ.

ಮುಂದಿನ ವಿವರಣೆ ಮುಖ್ಯವಾಗಿ ಹಣೆಯ ಕಡೆ ಬಲೆಯಂತಹ ಲೇಸ್ ಇರುವ ಪೂರ್ಣ ವಿಗ್‌ಗೆ ಸಂಬಂಧಿಸಿದ್ದು. ಬೋಳಾದ ಭಾಗಕ್ಕೆ ಮಾತ್ರ ಅಂಟಿಸುವ ಗಂಡಸರ ಹೇರ್ ಪ್ಯಾಚ್ ಬಗ್ಗೆ ಕೊನೆಯ ಕಡೆಗೆ ಬೇರೆಯಾಗಿ ಹೇಳಿದ್ದೇನೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ದರ್ಜಿ ಬಳಸುವ ಅಳತೆ ಟೇಪು, ಥರ್ಮಾಕೋಲ್ ತಲೆ, ಅದಕ್ಕೆ ಚುಚ್ಚಲು ಗುಂಡುಸೂಜಿಗಳು, ಅಗಲ ಹಲ್ಲಿನ ಬಾಚಣಿಗೆ, ಹುಬ್ಬು ತೆಗೆಯುವ ಓರೆ ಮೂತಿಯ ಪ್ಲಕ್ಕರ್, ಚೂಪಾದ ಸಣ್ಣ ಕತ್ತರಿ, ಒಂದು ಬದಿಗೆ ಮಾತ್ರ ಹಲ್ಲಿರುವ ತಿನ್ನಿಂಗ್ ಕತ್ತರಿ, ಕಪ್ಪು ಹೇರ್‌ಪಿನ್, ಯು ಪಿನ್, ಸ್ಪ್ರೇ ಬಾಟಲಿ, ಮೃದುವಾದ ಶಾಂಪೂ, ನಿಮ್ಮ ಮೈಬಣ್ಣದ ಕಾಂಪ್ಯಾಕ್ಟ್ ಪೌಡರ್, ತೆಳುವಾದ ಹತ್ತಿಯ ಅಥವಾ ನೈಲಾನ್ ಒಳಟೋಪಿ. ಇವುಗಳ ಜೊತೆಗೆ ಎರಡು ಕನ್ನಡಿ ಬೇಕು, ಹಿಂಭಾಗ ನೋಡಿಕೊಳ್ಳಲು.

ಮನೆಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಇದಕ್ಕೆ ಮುಟ್ಟಲೇಬೇಡಿ. ಅದು ಕೂದಲನ್ನು ಜಗ್ಗಿ ಕತ್ತರಿಸುತ್ತದೆ, ತುದಿಗಳೆಲ್ಲ ಒಂದೇ ನೇರಕ್ಕೆ ನಿಲ್ಲುತ್ತವೆ.

## ಹಂತ 1: ಕೂದಲು ಯಾವುದೆಂದು ಖಚಿತಪಡಿಸಿಕೊಳ್ಳಿ

ಅಂಗಡಿಯವರು ಅಸಲಿ ಕೂದಲು ಎಂದು ಹೇಳಿದರೂ ಒಮ್ಮೆ ಪರೀಕ್ಷಿಸಿ. ಕುತ್ತಿಗೆಯ ಹತ್ತಿರ ಒಳಗಿನ ಸಾಲಿನಿಂದ ನಾಲ್ಕೈದು ಎಳೆ ಕತ್ತರಿಸಿ, ಪ್ಲಕ್ಕರ್‌ನಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸಿ. ಅಸಲಿ ಕೂದಲು ಸುಟ್ಟ ಕೂದಲಿನ ವಾಸನೆ ಬೀರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯಾಗುತ್ತದೆ. ಸಿಂಥೆಟಿಕ್ ಎಳೆ ಮುದುಡಿ ಕರಗಿ ಗಟ್ಟಿ ಗುಂಡಾಗುತ್ತದೆ. ಆರುವ ಮೊದಲು ಮುಟ್ಟಿದರೆ ಕೈ ಸುಡುತ್ತದೆ. ಎರಡೂ ಬಗೆ ಕಂಡರೆ ಅದು ಮಿಶ್ರ ಕೂದಲು, ಅದನ್ನು ಸಿಂಥೆಟಿಕ್ ಎಂದೇ ನೋಡಿಕೊಳ್ಳಿ.

ಇದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಅಸಲಿ ಕೂದಲಿಗೆ ಡ್ರೈಯರ್, ಸ್ಟ್ರೈಟ್ನರ್ ಮಿತವಾಗಿ ಬಳಸಬಹುದು. ಸಾಮಾನ್ಯ ಸಿಂಥೆಟಿಕ್‌ಗೆ ಅವು ತಾಗಿದರೆ ಎಳೆಗಳು ಅಂಟಿಕೊಂಡು ಜುಂಗಿನಂತಾಗುತ್ತವೆ, ಮತ್ತೆ ಸರಿಹೋಗುವುದಿಲ್ಲ. ಬಿಸಿ ತಡೆಯುವ ಸಿಂಥೆಟಿಕ್ ಎಂಬ ಮೂರನೆಯ ಬಗೆಯೂ ಇದೆ. ಅದಕ್ಕೆ ಪೆಟ್ಟಿಗೆಯ ಮೇಲೆ ಬರೆದಿರುವ ಉಷ್ಣಾಂಶವೇ ಮಿತಿ. ಪೆಟ್ಟಿಗೆಯ ಮೇಲೆ ಏನೂ ಬರೆದಿಲ್ಲವಾದರೆ ಬಿಸಿ ತಡೆಯುವುದಿಲ್ಲ ಎಂದೇ ಭಾವಿಸಿ.

ಬಣ್ಣವನ್ನೂ ಈಗಲೇ ನೋಡಿ, ಅದೂ ಅಂಗಳದ ಬೆಳಕಿನಲ್ಲಿ. ಕಾಡಿಗೆ ಕಪ್ಪು ವಿಗ್ ಬಿಸಿಲಿನಲ್ಲಿ ನೀಲಿ ಹೊಡೆಯುತ್ತದೆ. ನಮ್ಮ ಕೂದಲು ಕಪ್ಪೆಂದು ಹೇಳಿದರೂ ಬಿಸಿಲಿಗೆ ಹಿಡಿದರೆ ಒಳಗೆ ಕಂದು ಇರುತ್ತದೆ. ಅಂಗಡಿಯಲ್ಲಿ 1 ಎಂಬ ಬಣ್ಣದ ಸಂಖ್ಯೆಯ ಬದಲು, ಅದಕ್ಕಿಂತ ತುಸು ಮೆದುವಾದ ಕಪ್ಪಾದ 1ಬಿ ಕೇಳಿ. ಐವತ್ತು ದಾಟಿದವರು ಅಲ್ಲಲ್ಲಿ ಬಿಳಿ ಎಳೆ ಬೆರೆತಿರುವುದನ್ನೇ ಆರಿಸಿಕೊಳ್ಳಿ. ಮುಖದಲ್ಲಿ ವಯಸ್ಸು ಕಾಣುವಾಗ ತಲೆ ಮಾತ್ರ ಇಪ್ಪತ್ತರ ಕಪ್ಪಾಗಿದ್ದರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

## ಹಂತ 2: ತೊಳೆದು ಹೊಳಪು ಇಳಿಸಿ

ಹೊಸ ಸಿಂಥೆಟಿಕ್ ವಿಗ್‌ನ ದೊಡ್ಡ ಶತ್ರು ಅದರ ಹೊಳಪು. ತೊಳೆಯುವುದಕ್ಕೆ ಮೊದಲು ಸಿಕ್ಕು ಬಿಡಿಸಿ. ತುದಿಯಿಂದ ಶುರುಮಾಡಿ, ಮೇಲಕ್ಕೆ ಬನ್ನಿ. ನೆತ್ತಿಯಿಂದ ಕೆಳಗೆ ಎಳೆದರೆ ಕೂದಲನ್ನು ಕ್ಯಾಪ್‌ಗೆ ಕಟ್ಟಿರುವ ಗಂಟುಗಳು ಕಿತ್ತು ಬರುತ್ತವೆ.

ನೀರಿನ ವಿಷಯದಲ್ಲಿ ನಮ್ಮ ಭಾಗದವರು ವಿಶೇಷ ಎಚ್ಚರ ವಹಿಸಬೇಕು. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದ ಕೂದಲಿನ ಮೇಲೆ ಬಿಳಿ ಪದರ ಕೂತು, ಕೂದಲು ಒರಟಾಗಿ ಮಂಕಾಗುತ್ತದೆ. ಕೆಲವರು ಇದನ್ನೇ ವಿಗ್ ಹಳೆಯದಾಯಿತೆಂದು ತಿಳಿದು ಎಸೆಯುತ್ತಾರೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ನೀರಿನಲ್ಲಿ ಅರ್ಧ ಬಕೆಟ್ ತೊಳೆಯಲು, ಇನ್ನರ್ಧ ಜಾಲಿಸಲು ಸಾಕಾಗುತ್ತದೆ. ನಲ್ಲಿಯಲ್ಲಿ ನದಿ ನೀರು ಬರುವ ಮನೆಯವರು ಅದನ್ನೇ ಹಿಡಿದಿಟ್ಟುಕೊಳ್ಳಬಹುದು.

ತಣ್ಣೀರಿಗೆ ಒಂದು ಮುಚ್ಚಳ ಶಾಂಪೂ ಬೆರೆಸಿ, ವಿಗ್ ಮುಳುಗಿಸಿ, ಐದು ನಿಮಿಷ ಬಿಡಿ. ಉಜ್ಜಬಾರದು, ಹಿಂಡಬಾರದು. ಎರಡು ಬಾರಿ ಜಾಲಿಸಿ, ಟವೆಲಿನ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ. ಅಸಲಿ ಕೂದಲಾದರೆ ಕಂಡೀಷನರ್ ಹಚ್ಚಿ, ಆದರೆ ನಡುಭಾಗದಿಂದ ತುದಿಯವರೆಗೆ ಮಾತ್ರ. ಬುಡಕ್ಕೆ ತಾಗಿದರೆ ಲೇಸ್‌ನ ಗಂಟುಗಳು ಸಡಿಲಗೊಂಡು ಕೂದಲು ಉದುರುತ್ತದೆ. ನೆರಳಿನಲ್ಲಿ ಒಣಗಿಸಿ. ಸಿಂಥೆಟಿಕ್ ಒದ್ದೆಯಿರುವಾಗ ಬಾಚಬೇಡಿ.

ಒಣಗಿದ ಮೇಲೂ ಹೊಳಪು ಉಳಿದಿದ್ದರೆ ದಪ್ಪ ಬ್ರಷ್‌ನಲ್ಲಿ ಸ್ವಲ್ಪವೇ ಡ್ರೈ ಶಾಂಪೂ ಅಥವಾ ಟಾಲ್ಕಂ ಪೌಡರ್ ತೆಗೆದುಕೊಂಡು, ಬ್ರಷ್ ಕೊಡವಿ, ಒಳಪದರಗಳಿಗೆ ಸವರಿ, ಆಮೇಲೆ ಜಾಡಿಸಿ. ಬೂದು ಬಣ್ಣ ಕಂಡರೆ ಹೆಚ್ಚಾಯಿತೆಂದು ಅರ್ಥ.

ಕೊಬ್ಬರಿ ಎಣ್ಣೆ ಬೇಡ. ಎಣ್ಣೆ ಹಚ್ಚಿದರೆ ನಮ್ಮ ಕೂದಲಿನ ಹಾಗೆ ಕಾಣುತ್ತದೆಂದು ಅನೇಕರು ನಂಬಿದ್ದಾರೆ. ಎಣ್ಣೆ ಕೃತಕ ಎಳೆಯೊಳಗೆ ಇಳಿಯುವುದಿಲ್ಲ, ಮೇಲೆಯೇ ಕೂತು ಧೂಳು ಹಿಡಿಯುತ್ತದೆ, ಒಂದೇ ದಿನದಲ್ಲಿ ಎಳೆಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ.

## ಹಂತ 3: ತಲೆಗೆ ಸರಿಯಾಗಿ ಕೂರಿಸಿ

ಹಣೆಯ ಕೂದಲಂಚಿನಿಂದ ಕಿವಿಯ ಮೇಲ್ಭಾಗ, ಅಲ್ಲಿಂದ ಕುತ್ತಿಗೆಯ ಗುಳಿ, ಮತ್ತೆ ಇನ್ನೊಂದು ಕಿವಿಯ ಮೇಲಾಗಿ ಹಣೆಗೆ ಟೇಪು ಸುತ್ತಿ ಅಳೆಯಿರಿ. ಹೆಚ್ಚಿನ ವಯಸ್ಕ ಹೆಂಗಸರಿಗೆ ಇದು 54ರಿಂದ 57 ಸೆಂಟಿಮೀಟರ್ ಒಳಗೆ ಬರುತ್ತದೆ. ಮಧ್ಯಮ ಅಳತೆಯ ಕ್ಯಾಪ್ ಎಂದು ಮಾರುವುದು ಈ ತಲೆಗೇ. ಕಿಮೋಥೆರಪಿಗೆ ಮೊದಲು ಅಳೆದಿದ್ದರೆ ಕೂದಲು ಉದುರಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಸುತ್ತಳತೆ ಕಡಿಮೆಯಾಗಿರುತ್ತದೆ.

ನಿಮ್ಮದೇ ಕೂದಲು ಇದ್ದರೆ ಅದನ್ನು ಎರಡು ತೆಳು ಜಡೆ ಹೆಣೆದು ತಲೆಯ ಸುತ್ತ ಚಪ್ಪಟೆಯಾಗಿ ಸುತ್ತಿ ಪಿನ್ ಹಾಕಿ. ತುರುಬು ಕಟ್ಟಿ ಅದರ ಮೇಲೆ ವಿಗ್ ಹಾಕಿದರೆ ಹಿಂದೆ ಗುಬ್ಬು ಏಳುತ್ತದೆ. ಸ್ನಾನ ಮಾಡಿ ಬಂದು ಹಸಿ ಕೂದಲಿನ ಮೇಲೆ ಹಾಕುವುದಂತೂ ಕೂಡದು. ನೆತ್ತಿಯಲ್ಲಿ ತುರಿಕೆ, ವಾಸನೆ ಶುರುವಾಗುತ್ತದೆ.

ಒಳಟೋಪಿ ಹಾಕಿ, ವಿಗ್‌ನ ಮುಂಭಾಗ ಹಿಡಿದು ಹಣೆಯಿಂದ ಹಿಂದಕ್ಕೆ ಎಳೆದುಕೊಳ್ಳಿ. ಹುಬ್ಬಿನ ಮೇಲೆ ನಿಮ್ಮದೇ ನಾಲ್ಕು ಬೆರಳು ಅಡ್ಡ ಇಟ್ಟು, ಅದರ ಮೇಲಕ್ಕೆ ಅಂಚು ಬರಬೇಕು. ಬಹುತೇಕ ಜನ ವಿಗ್ಗನ್ನು ಎರಡು ಬೆರಳಿನಷ್ಟು ಕೆಳಗೆ ಹಾಕುತ್ತಾರೆ, ಜಾರಿಬಿಡುತ್ತದೆಂಬ ಭಯ. ಹಣೆ ಚಿಕ್ಕದಾದ ಕೂಡಲೇ ಮುಖದ ಅಳತೆಯೇ ಬದಲಾಗುತ್ತದೆ. ಕಿವಿಯ ಮುಂದಿನ ಎರಡು ಕಿರು ಪಟ್ಟಿಗಳನ್ನು ಬೆರಳಿನಿಂದ ಹುಡುಕಿ, ಎರಡೂ ಕಡೆ ಕಿವಿಯಿಂದ ಒಂದೇ ದೂರದಲ್ಲಿವೆಯೇ ನೋಡಿ. ಅವು ಸಮವಾಗಿದ್ದರೆ ಬೈತಲೆ ತಾನಾಗಿ ನೇರಕ್ಕೆ ಬರುತ್ತದೆ.

ಹಿಂದಿನ ಪಟ್ಟಿಗಳನ್ನು ಹೊಂದಿಸಿ, ತಲೆ ಬಗ್ಗಿಸಿ, ಅಲ್ಲಾಡಿಸಿ. ಅರ್ಧ ಗಂಟೆಯಲ್ಲಿ ತಲೆನೋವು ಅಥವಾ ಕಿವಿಯ ಮೇಲೆ ಕೆಂಪು ಗೆರೆ ಕಂಡರೆ ಬಿಗಿಯಾಗಿದೆ. ಕುತ್ತಿಗೆಯ ಹತ್ತಿರ ಮೇಲಕ್ಕೆ ಏರುತ್ತಿದ್ದರೆ ಕ್ಯಾಪ್ ಚಿಕ್ಕದು, ಅದನ್ನು ಬದಲಾಯಿಸಿಕೊಳ್ಳಿ. ಪರೀಕ್ಷೆಗೆ ತೆಗೆದ ನಾಲ್ಕೈದು ಎಳೆ ಬಿಟ್ಟರೆ ಇಲ್ಲಿಯವರೆಗೆ ಏನನ್ನೂ ಕತ್ತರಿಸಿಲ್ಲವಾದ್ದರಿಂದ ಕೆಲವು ಅಂಗಡಿಯವರು ಹಿಂದಕ್ಕೆ ತೆಗೆದುಕೊಂಡರೂ ತೆಗೆದುಕೊಳ್ಳಬಹುದು.

## ಹಂತ 4: ಹಣೆಯಂಚು ತೆಳುವಾಗಿಸಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಕನ್ನಡಿಯ ಮುಂದೆ ನಿಂತು, ಇಲ್ಲವೇ ಮನೆಯವರ ಯಾರದಾದರೂ ಹಣೆಯನ್ನು ಹತ್ತಿರದಿಂದ ನೋಡಿ. ಕೂದಲು ಎಲ್ಲಿಯೂ ಒಂದು ಗೆರೆಯಿಂದ ಶುರುವಾಗುವುದಿಲ್ಲ. ಮೊದಲು ಒಂಟಿ ಒಂಟಿಯಾಗಿ ಸಣ್ಣ, ನವಿರಾದ ಎಳೆಗಳು, ಅವುಗಳ ಹಿಂದೆ ಸ್ವಲ್ಪ ಹೆಚ್ಚು, ಒಂದು ಸೆಂಟಿಮೀಟರ್ ಒಳಗೆ ಹೋದ ಮೇಲೆ ದಟ್ಟಣೆ. ಕಣತಲೆಯ (ಹಣೆಯ ಎರಡು ಬದಿಯ) ಮೇಲೆ ಅಂಚು ಒಳಕ್ಕೆ ಸರಿದಿರುತ್ತದೆ, ಎಡ ಬಲ ಒಂದೇ ತರಹವೂ ಇರುವುದಿಲ್ಲ. ವಿಗ್‌ನಲ್ಲಿ ಮೊದಲ ಸಾಲಿನಿಂದಲೇ ದಟ್ಟವಾಗಿ ಗಂಟು ಹಾಕಿರುತ್ತಾರೆ. ನಾವು ತೆಗೆಯಬೇಕಾದದ್ದು ಆ ದಟ್ಟಣೆಯನ್ನು.

ಹಣೆಯ ಮುಂದೆ ಉಳಿದಿರುವ ಹೆಚ್ಚುವರಿ ಲೇಸನ್ನು ಈಗ ಕತ್ತರಿಸಬೇಡಿ. ಅದಕ್ಕೇ ಗುಂಡುಸೂಜಿ ಚುಚ್ಚಿ ವಿಗ್ಗನ್ನು ಥರ್ಮಾಕೋಲ್ ತಲೆಗೆ ಬಿಗಿಯಾಗಿ ನಿಲ್ಲಿಸಬೇಕು. ಕೂದಲನ್ನೆಲ್ಲ ಹಿಂದಕ್ಕೆ ಬಾಚಿ, ಮೊದಲ ಸಾಲನ್ನು ಮಾತ್ರ ಬಾಚಣಿಗೆಯ ಹಿಡಿಯಿಂದ ಮುಂದಕ್ಕೆ ತಂದು ಬಿಡಿ. ಕೀಳುವುದು ಅದರ ಹಿಂದಿನ ಎರಡನೆಯ, ಮೂರನೆಯ ಸಾಲಿನಿಂದ. ಪ್ಲಕ್ಕರ್‌ನಲ್ಲಿ ಒಂದೇ ಎಳೆಯನ್ನು ಬುಡಕ್ಕೆ ಹತ್ತಿರ ಹಿಡಿದು, ಅದು ಬೆಳೆದ ದಿಕ್ಕಿಗೇ ತಟ್ಟನೆ ಎಳೆಯಿರಿ. ಗಂಟು ಬಿಚ್ಚಿ ಎಳೆ ಸುಮ್ಮನೆ ಬರುತ್ತದೆ. ಲೇಸ್ ಜೊತೆಗೆ ಮೇಲೆದ್ದರೆ ಬಿಟ್ಟುಬಿಡಿ, ಜಗ್ಗಿದರೆ ತೂತು ಬೀಳುತ್ತದೆ.

ಒಂದೇ ಜಾಗದಲ್ಲಿ ಎರಡು ಎಳೆ ಕೀಳಬೇಡಿ. ಇಲ್ಲೊಂದು, ಅರ್ಧ ಸೆಂಟಿಮೀಟರ್ ಆಚೆ ಒಂದು, ಹಾಗೆ ಕಿವಿಯಿಂದ ಕಿವಿಗೆ ಹೋಗಿ, ಮತ್ತೆ ಮೊದಲಿನಿಂದ ಬನ್ನಿ. ಪ್ರತಿ ಸುತ್ತು ಮುಗಿದಾಗ ಮೊಬೈಲ್‌ನಲ್ಲಿ ಫೋಟೊ ತೆಗೆದು ನೋಡಿ. ಹತ್ತಿರ ಕೂತ ಕಣ್ಣಿಗೆ ಕಾಣದ ಬೋಳು ಫೋಟೊದಲ್ಲಿ ಕಾಣುತ್ತದೆ. ಕಣತಲೆಯ ಬಳಿ ಸ್ವಲ್ಪ ಹೆಚ್ಚು, ನಡು ಹಣೆಯಲ್ಲಿ ಕಡಿಮೆ ತೆಗೆಯಿರಿ. ಇನ್ನೂ ಸ್ವಲ್ಪ ಬೇಕು ಎನ್ನಿಸಿದ ಹೊತ್ತಿಗೆ ಆ ದಿನಕ್ಕೆ ನಿಲ್ಲಿಸಿ. ಮಾರನೆಯ ದಿನ ಹೊಸ ಕಣ್ಣಿನಿಂದ ನೋಡಿದಾಗ ಹೆಚ್ಚಿನ ಸಲ ಅಷ್ಟೇ ಸಾಕಾಗಿರುತ್ತದೆ.

ಮುಂಗುರುಳಿನ ಬಗ್ಗೆ ಒಂದು ಮಾತು. ಹೊರದೇಶದ ವಿಡಿಯೊಗಳಲ್ಲಿ ಹಣೆಯಂಚಿನ ಕೂದಲನ್ನು ಜೆಲ್ ಹಾಕಿ ಸುರುಳಿ ಸುರುಳಿಯಾಗಿ ಹಣೆಗೆ ಅಂಟಿಸುತ್ತಾರೆ. ಸೀರೆ ಉಟ್ಟು, ಬೈತಲೆ ತೆಗೆದು, ಜಡೆ ಹೆಣೆಯುವ ನಮ್ಮ ಊರಿನ ಹೆಂಗಸರಿಗೆ ಅದು ಹೊಂದುವುದಿಲ್ಲ. ಹಂತ 6ಕ್ಕೆ ಬಂದಾಗ ಕಿವಿಯ ಮುಂದೆ ನಾಲ್ಕಾರು ಎಳೆಗಳನ್ನು ಎರಡು ಇಂಚಿಗೆ ಮೊಟಕುಗೊಳಿಸಿ ಸುಮ್ಮನೆ ಬಿಟ್ಟರೆ ಸಾಕು.

ಲೇಸ್ ಇಲ್ಲದ, ಯಂತ್ರದಲ್ಲಿ ಹೊಲಿದ ವಿಗ್‌ಗೆ ಈ ಹಂತ ಅನ್ವಯಿಸುವುದಿಲ್ಲ. ಅದರ ಅಂಚನ್ನು ತೋರಿಸಲೇಬಾರದು. ಹಣೆಯ ಮೇಲೆ ಓರೆಯಾಗಿ ಬೀಳುವ ತೆಳು ಮುಂಗೂದಲಿನಿಂದ ಮರೆಮಾಡಿ.

## ಹಂತ 5: ಲೇಸ್ ಕತ್ತರಿಸಿ, ಬೈತಲೆ ತೆಗೆಯಿರಿ

ವಿಗ್ಗನ್ನು ತಲೆಗೆ ಹಾಕಿ, ಹಂತ 3ರಲ್ಲಿ ನೋಡಿದ ಜಾಗದಲ್ಲೇ ಕೂರಿಸಿ, ಹಣೆಯ ಕೂದಲನ್ನು ಕ್ಲಿಪ್ ಹಾಕಿ ಹಿಂದಕ್ಕೆ ಕಟ್ಟಿ. ಲೇಸನ್ನು ನಾಲ್ಕು ಭಾಗವಾಗಿ ಸೀಳಿಕೊಂಡು ಒಂದೊಂದನ್ನೇ ಬಿಗಿಹಿಡಿದು, ಕತ್ತರಿಯನ್ನು ಸಣ್ಣ ಸಣ್ಣ ಅಂಕುಡೊಂಕಾಗಿ ನಡೆಸಿ. ಕೂದಲಿನ ಮುಂದೆ ಎರಡು ಮೂರು ಮಿಲಿಮೀಟರ್ ಉಳಿಸಿ. ನೇರವಾಗಿ ಕತ್ತರಿಸಿದ ಅಂಚು ಹಣೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಡೊಂಕಾದದ್ದು ಚರ್ಮದಲ್ಲಿ ಬೆರೆಯುತ್ತದೆ.

ಬೈತಲೆಯಲ್ಲಿ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ಅವು ಗಂಟುಗಳು. ನಿಮ್ಮ ನೆತ್ತಿಯ ಬಣ್ಣದ ಕಾಂಪ್ಯಾಕ್ಟನ್ನು ಸಣ್ಣ ಬ್ರಷ್‌ನಿಂದ ಬೈತಲೆಯ ಮೇಲೆ, ಲೇಸ್‌ನ ಒಳಬದಿಗೂ ಒತ್ತಿ. ಬಿಳಿ ಪೌಡರ್ ಇಲ್ಲಿ ಬೇಡ, ಮದುವೆ ಮನೆಯ ಫೋಟೊ ಫ್ಲ್ಯಾಷ್‌ಗೆ ಅದು ಬೆಳ್ಳಗೆ ಹೊಳೆಯುತ್ತದೆ. ಗಂಟುಗಳನ್ನು ಬ್ಲೀಚ್ ಮಾಡುವ ವಿಧಾನವಿದೆ, ಮನೆಯಲ್ಲಿ ಪ್ರಯತ್ನಿಸಬೇಡಿ. ಸ್ವಲ್ಪ ಹೆಚ್ಚಾದರೆ ಕೂದಲಿನ ಬುಡವೇ ಕೆಂಚಾಗುತ್ತದೆ, ಸಿಂಥೆಟಿಕ್‌ನ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ.

ಬೈತಲೆಗೆ ಕುಂಕುಮ ಇಡುವವರು ಪುಡಿಯ ಬದಲು ದ್ರವ ಕುಂಕುಮವನ್ನು ಲೇಸ್ ಮುಗಿಯುವಲ್ಲಿ, ಚರ್ಮದ ಮೇಲೆಯೇ ಇಟ್ಟುಕೊಳ್ಳಿ. ಲೇಸ್‌ಗೆ ಹಿಡಿದ ಕೆಂಪು ಹೋಗುವುದಿಲ್ಲ.

## ಹಂತ 6: ದಟ್ಟಣೆ ಇಳಿಸಿ, ಆಕಾರ ಕೊಡಿ

ದಟ್ಟಣೆ ಶೇಕಡಾ 150, 180 ಎಂದು ಬರೆದ ವಿಗ್‌ಗಳು ಕೂದಲಿನ ರಾಶಿ. ಹೆಚ್ಚು ಕೊಟ್ಟದ್ದಕ್ಕೆ ಹೆಚ್ಚು ಸಿಕ್ಕಿತೆಂದು ಸಂತೋಷಪಡಬೇಡಿ. ನಲವತ್ತು ದಾಟಿದವರಿಗೆ 130 ಅಥವಾ ಅದಕ್ಕಿಂತ ಕಡಿಮೆಯೇ ಸಹಜ. ದಟ್ಟವಾಗಿದ್ದರೆ ಮೇಲ್ಪದರವನ್ನು ಎತ್ತಿ ಕಟ್ಟಿ, ಒಳಪದರಗಳಲ್ಲಿ ತಿನ್ನಿಂಗ್ ಕತ್ತರಿಯನ್ನು ಬುಡದಿಂದ ಎರಡು ಮೂರು ಇಂಚು ಕೆಳಗೆ ಓರೆಯಾಗಿ ಹಿಡಿದು ಒಂದೊಂದು ಸಲ ಮಾತ್ರ ಕತ್ತರಿಸಿ, ಬಾಚಿ, ನೋಡಿ. ಬುಡಕ್ಕೆ ಹತ್ತಿರ ಕತ್ತರಿಸಿದರೆ ಮೊಂಡು ಕೂದಲು ಹೊರಗೆ ಚುಚ್ಚುತ್ತದೆ.

ಉದ್ದ ಇಳಿಸುವಾಗ ವಿಗ್ ತಲೆಯ ಮೇಲೇ ಇರಲಿ. ಥರ್ಮಾಕೋಲ್ ತಲೆಗೆ ಭುಜವಿಲ್ಲ, ಅಲ್ಲಿ ಕತ್ತರಿಸಿದ ಉದ್ದ ನಿಮ್ಮ ಮೈಮೇಲೆ ಬೇರೆಯೇ ಆಗುತ್ತದೆ. ಕತ್ತರಿಯನ್ನು ಲಂಬವಾಗಿ ಹಿಡಿದು ತುದಿಗಳಲ್ಲಿ ಚುಚ್ಚಿ ಚುಚ್ಚಿ ಕತ್ತರಿಸಿ. ಬೇಕೆಂದುಕೊಂಡದ್ದಕ್ಕಿಂತ ಒಂದು ಇಂಚು ಉದ್ದ ಬಿಟ್ಟು, ಎರಡು ದಿನ ಹಾಕಿಕೊಂಡು ಓಡಾಡಿ, ಆಮೇಲೆ ನಿರ್ಧರಿಸಿ.

ಜಡೆ ಹೆಣೆಯುವವರು ಸಡಿಲವಾಗಿ ಹೆಣೆಯಿರಿ. ಬಿಗಿಯಾದ ಜಡೆ ಕುತ್ತಿಗೆಯ ಹತ್ತಿರ ಕ್ಯಾಪ್‌ನ ಹೊಲಿಗೆಯನ್ನು ತೋರಿಸುತ್ತದೆ. ಹೂವಂತೂ ಇಲ್ಲಿ ದೊಡ್ಡ ಸಹಾಯ. ಮಲ್ಲಿಗೆ ಅಥವಾ ಕನಕಾಂಬರದ ಮಾಲೆಯನ್ನು ಜಡೆ ಶುರುವಾಗುವಲ್ಲಿ ಮುಡಿದರೆ ಹೊಲಿಗೆಯೂ ಮುಚ್ಚುತ್ತದೆ, ನೋಡುವವರ ಕಣ್ಣೂ ಅಲ್ಲೇ ನಿಲ್ಲುತ್ತದೆ. ಯು ಪಿನ್ನನ್ನು ಕ್ಯಾಪ್‌ನ ದಪ್ಪ ಪಟ್ಟಿಗೆ ಸಿಕ್ಕಿಸಿ, ಲೇಸ್‌ಗೆ ಎಂದಿಗೂ ಬೇಡ. ಭಾರವಾದ ಸೇವಂತಿಗೆ ದಂಡೆ ವಿಗ್ಗನ್ನೇ ಹಿಂದಕ್ಕೆ ಎಳೆಯುತ್ತದೆ.

## ಹಂತ 7: ಭದ್ರಪಡಿಸಿ, ಬಿಸಿಲು ಮತ್ತು ಗಾಳಿಯಲ್ಲಿ ಪರೀಕ್ಷಿಸಿ

ಮನೆ, ಕಚೇರಿಗೆ ಕ್ಲಿಪ್ ಅಥವಾ ಜಾರದ ಬ್ಯಾಂಡ್ ಸಾಕು. ಅಂಟು, ಟೇಪು ಬಳಸುವುದಾದರೆ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಅದು ನಿಮಗಲ್ಲ. ಕಿಮೋಥೆರಪಿ ಪಡೆಯುತ್ತಿರುವವರ ನೆತ್ತಿ ಬಹಳ ಸೂಕ್ಷ್ಮ, ವೈದ್ಯರನ್ನು ಕೇಳದೆ ಯಾವ ಅಂಟನ್ನೂ ಹಚ್ಚಬೇಡಿ. ಹತ್ತಿಯ ಒಳಟೋಪಿಯೇ ಅವರಿಗೆ ಒಳ್ಳೆಯದು.

ಈಗ ಮನೆಯ ಹೊರಗೆ ಬನ್ನಿ. ಬಿಸಿಲಿಗೆ ಮುಖ ಮಾಡಿ ಒಂದು ಫೋಟೊ, ಪಕ್ಕದಿಂದ ಒಂದು, ಹಿಂದಿನಿಂದ ಒಂದು ತೆಗೆಸಿಕೊಳ್ಳಿ. ಆಮೇಲೆ ಟೇಬಲ್ ಫ್ಯಾನನ್ನು ಜೋರಾಗಿ ಹಾಕಿ ಮುಂದೆ, ಪಕ್ಕಕ್ಕೆ, ಹಿಂದಕ್ಕೆ ತಿರುಗಿ ನಿಲ್ಲಿ. ಜೋಗಿಮಟ್ಟಿಯ ಗಾಳಿ, ಕೋಟೆಯ ಮೇಲಿನ ಗಾಳಿ ಗೊತ್ತಿರುವ ಚಿತ್ರದುರ್ಗದವರಿಗೆ ಈ ಪರೀಕ್ಷೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಗಾಳಿಗೆ ಕಣತಲೆಯ ಲೇಸ್ ಎದ್ದರೆ ಅಲ್ಲಿ ಇನ್ನೊಂದು ಕ್ಲಿಪ್ ಬೇಕು. ಒಳಗಿನ ಪಟ್ಟಿಗಳು ಕಂಡರೆ ಆ ಭಾಗದಲ್ಲಿ ದಟ್ಟಣೆ ಹೆಚ್ಚು ಇಳಿಸಿದ್ದೀರಿ, ಬೈತಲೆಯನ್ನು ಪಕ್ಕಕ್ಕೆ ಸರಿಸಿ ಮುಚ್ಚಿಕೊಳ್ಳಿ.

ಸ್ಕೂಟರಿನಲ್ಲಿ ಹೋಗುವವರು ಹೆಲ್ಮೆಟ್ ಒಳಗೆ ಸ್ಯಾಟಿನ್ ಬಟ್ಟೆ ಕಟ್ಟಿಕೊಂಡರೆ ನೆತ್ತಿಯ ಎಳೆಗಳು ಸವೆಯುವುದಿಲ್ಲ. ಹೆಲ್ಮೆಟ್ ತೆಗೆಯುವಾಗ ಇನ್ನೊಂದು ಕೈ ಹಣೆಯಂಚಿನ ಮೇಲಿರಲಿ.

## ಗಂಡಸರ ಹೇರ್ ಪ್ಯಾಚ್‌ಗೆ ಬೇರೆ ಮಾತು

ಪ್ಯಾಚ್ ಸಿಕ್ಕಿಬೀಳುವುದು ಹಣೆಯಲ್ಲಿ ಮಾತ್ರವಲ್ಲ, ಕಿವಿಯ ಮೇಲೆ ನಿಮ್ಮ ಕೂದಲೂ ಅದರ ಕೂದಲೂ ಸೇರುವ ಜಾಗದಲ್ಲಿ. ಪ್ಯಾಚ್ ತಲೆಯ ಮೇಲಿರುವಾಗಲೇ ಎರಡನ್ನೂ ಸೇರಿಸಿ ಕತ್ತರಿಸಬೇಕು. ಕ್ಷೌರಿಕರಿಗೆ ಮೊದಲೇ ತಿಳಿಸಿ, ಪಕ್ಕಗಳನ್ನು ಮೆಷಿನ್‌ನಲ್ಲಿ ತೀರ ಸಣ್ಣದಾಗಿ ಹೊಡೆಸಬೇಡಿ; ಮೇಲೆ ದಟ್ಟ, ಕೆಳಗೆ ಬೋಳು ಎಂದರೆ ಟೋಪಿ ಇಟ್ಟ ಹಾಗೆ ಕಾಣುತ್ತದೆ. ನಿಮ್ಮ ಕೂದಲು ಮೂರು ನಾಲ್ಕು ವಾರಕ್ಕೆ ಬೆಳೆಯುತ್ತದೆ, ಪ್ಯಾಚ್ ಬೆಳೆಯುವುದಿಲ್ಲ. ಆದ್ದರಿಂದ ಪಕ್ಕಗಳ ಕತ್ತರಿ ಕೆಲಸಕ್ಕೆ ದಿನ ಗೊತ್ತುಮಾಡಿಕೊಳ್ಳಿ.

ಏಪ್ರಿಲ್, ಮೇ ಬೆವರಿಗೆ ಟೇಪು ಬಿಡುವುದು ಸಾಮಾನ್ಯ. ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ತೆಗೆಯುವಾಗ ಟೇಪು ಕರಗಿಸುವ ದ್ರಾವಣ ಸಿಂಪಡಿಸಿ ಎರಡು ನಿಮಿಷ ಕಾಯಿರಿ, ಕಿತ್ತರೆ ಚರ್ಮ ಸುಲಿಯುತ್ತದೆ.

## ಬೆಂಕಿ, ಆವಿ ಮತ್ತು ಬದಲಾಯಿಸಬೇಕಾದ ಹೊತ್ತು

ಸಿಂಥೆಟಿಕ್ ವಿಗ್ ಹಾಳಾಗುವುದು ಹೆಚ್ಚಾಗಿ ಅಡುಗೆಮನೆಯಲ್ಲಿ. ಕುಕ್ಕರ್ ಮುಚ್ಚಳ ತೆಗೆದಾಗ ಬರುವ ಆವಿ, ಮಿರ್ಚಿ ಕರಿಯುವ ಬಾಣಲೆಯ ಝಳ, ಬೆಣ್ಣೆ ದೋಸೆ ಹಾಕುವ ಕಟ್ಟಿಗೆ ಒಲೆಯ ಬಿಸಿ, ಮಂಗಳಾರತಿಗೆ ಬಗ್ಗುವಾಗಿನ ಕರ್ಪೂರದ ಉರಿ ಎಲ್ಲವೂ ಮುಂಗೂದಲನ್ನು ಕ್ಷಣದಲ್ಲಿ ಸುಕ್ಕಾಗಿಸುತ್ತವೆ. ಬೆಂಕಿಯೇ ತಾಗಿದರೆ ಅಪಾಯ ಕೂದಲಿಗಷ್ಟೇ ಅಲ್ಲ. ಅಡುಗೆ ಮಾಡುವಾಗ ತೆಗೆದಿಡಿ, ಇಲ್ಲವೇ ಹತ್ತಿಯ ಬಟ್ಟೆ ಕಟ್ಟಿಕೊಂಡು ಕೂದಲನ್ನೆಲ್ಲ ಒಳಗೆ ಸೇರಿಸಿ. ಸುಕ್ಕಾದ ತುದಿಗಳನ್ನು ಕತ್ತರಿಸಿ ತೆಗೆಯುವುದೊಂದೇ ದಾರಿ.

ದಿನವೂ ಹಾಕುವವರು ಹತ್ತು ಹನ್ನೆರಡು ಸಲ ಹಾಕಿದ ಮೇಲೆ ತೊಳೆದರೆ ಸಾಕು, ಬೇಸಿಗೆಯಲ್ಲಿ ಇನ್ನೂ ಬೇಗ. ರಾತ್ರಿ ಹಾಕಿಕೊಂಡು ಮಲಗಬೇಡಿ. ದಿನಬಳಕೆಯ ಸಿಂಥೆಟಿಕ್ ನಾಲ್ಕರಿಂದ ಆರು ತಿಂಗಳು, ಅಸಲಿ ಕೂದಲು ಚೆನ್ನಾಗಿ ನೋಡಿಕೊಂಡರೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬಾಳುತ್ತದೆ. ಕುತ್ತಿಗೆಗೆ ತಾಗುವ ತುದಿಗಳು ತೊಳೆದರೂ ಸಿಕ್ಕು ಬಿಡದಿದ್ದರೆ, ಹಣೆಯ ಲೇಸ್‌ನಲ್ಲಿ ತೂತು ಕಂಡರೆ, ಹಿಂದಿನ ಎಲಾಸ್ಟಿಕ್ ಸಡಿಲವಾಗಿ ದಿನಕ್ಕೆ ಮೂರು ಸಲ ಸರಿಮಾಡಿಕೊಳ್ಳಬೇಕಾಗಿ ಬಂದರೆ ಹೊಸದಕ್ಕೆ ಹಣ ಕೂಡಿಸತೊಡಗಿ. ಹಳೆಯದನ್ನು ಎಸೆಯಬೇಡಿ, ಪ್ಲಕ್ಕರ್ ಮತ್ತು ತಿನ್ನಿಂಗ್ ಕತ್ತರಿಯಲ್ಲಿ ಕೈ ಪಳಗಿಸಿಕೊಳ್ಳಲು ಅದನ್ನೇ ಥರ್ಮಾಕೋಲ್ ತಲೆಯ ಮೇಲೆ ಇಟ್ಟುಕೊಳ್ಳಿ.